ರೇಷ್ಮೆಯ ಎಳೆಗೆ ಹಿಡಿದ ದೀಪ

ಕನಕಪುರ, ಮಾಗಡಿಗಳ ಕಡೆಯಿಂದ ಬಂದ ಗೂಡುಗಳನ್ನು ರಾಮನಗರದ ಮಾರುಕಟ್ಟೆಯಲ್ಲಿ ಸುರುವಿದೊಡನೆ, ಕೊಳ್ಳುವವನು ಒಂದನ್ನೆತ್ತಿ ಬೆರಳುಗಳ ನಡುವೆ ಒತ್ತಿ ನೋಡುತ್ತಾನೆ. ಒಳ್ಳೆಯ ಗೂಡೊಂದರಿಂದ ಬರುವ ಎಳೆ ಸಾವಿರ ಮೀಟರಿನಷ್ಟು ಉದ್ದವಿದ್ದೀತು. ಅದು ಪದೇ ಪದೇ ಕಡಿಯಿತೆಂದರೆ ನೂಲು ಬಿಚ್ಚುವವನ ಲಾಭವೂ ಅಲ್ಲಿಗೆ ಕಡಿಯಿತು. ತಲೆಗೂದಲಿಗಿಂತ ತೆಳ್ಳನೆಯ ಈ ಎಳೆಗೆ ಅಷ್ಟೊಂದು ಬಲ ಎಲ್ಲಿಂದ ಬಂದಿತು? ಅದನ್ನು ಬೆರಳು ಹೇಳಲಾರದು.

ಹೇಳಬಲ್ಲ ದೀಪವೊಂದುಂಟು, ಅದರ ಹೆಸರು ಸಿಂಕ್ರೊಟ್ರಾನ್. ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆ ಕಡೆಯುವುದನ್ನು ಓದುಗರು ಕಂಡಿರಬಹುದು. ತಿರುಗುವ ಮರದ ಅಂಚಿನಿಂದ ಹೊಟ್ಟು ಸಿಡಿಯುವುದಷ್ಟೆ? ಹಾಗೆಯೇ ಬೆಳಕಿನ ವೇಗವನ್ನು ಬಹುಮಟ್ಟಿಗೆ ಮುಟ್ಟಿದ ಎಲೆಕ್ಟ್ರಾನುಗಳನ್ನು ಅಯಸ್ಕಾಂತಗಳು ಬಾಗಿಸಿದಾಗ, ಪ್ರತಿಯೊಂದು ತಿರುವಿನಲ್ಲಿಯೂ ಪ್ರಖರವಾದ ಕಿರಣಗಳು ಮುಂದಕ್ಕೆ ಚಿಮ್ಮುತ್ತವೆ. ಹೋಲಿಕೆ ಇಷ್ಟಕ್ಕೇ ಸಾಕು. ಹೊಟ್ಟಿಗೆ ಮರ ಸವೆಯುತ್ತದೆ, ಇಲ್ಲಿ ಎಲೆಕ್ಟ್ರಾನು ಕಳೆದುಕೊಳ್ಳುವುದು ಶಕ್ತಿಯನ್ನು ಮಾತ್ರ. ನಮ್ಮ ದೇಶದಲ್ಲಿ ಇಂತಹ ಉಂಗುರ ಇರುವುದು ಇಂದೋರಿನಲ್ಲಿ. ಇಂಡಸ್-2 ಎಂಬ ಅದರ ಸುತ್ತಳತೆ 172 ಮೀಟರಿಗೂ ಮಿಗಿಲು. 2005ರಲ್ಲಿ ಅದು ಮೊದಲ ಬೆಳಕು ಬೀರಿತು. ಅದಿರುವ ಸಂಸ್ಥೆ ಹೊತ್ತಿರುವ ಹೆಸರು ನಮ್ಮ ತುಮಕೂರು ಜಿಲ್ಲೆಯ ರಾಜಾ ರಾಮಣ್ಣನವರದು.

ರೇಷ್ಮೆಯ ಸಾರವಾದ ಫೈಬ್ರಾಯಿನ್ ಎಂಬ ಪ್ರೋಟೀನಿನ ಸರಪಳಿಗಳು ಪಕ್ಕಪಕ್ಕದಲ್ಲಿ ಹಾಳೆಗಳಂತೆ ಜೋಡಿಕೊಂಡಿವೆಯೆಂದು ಮಾರ್ಷ್, ಕೋರಿ, ಪಾಲಿಂಗ್ ಎಂಬ ವಿಜ್ಞಾನಿಗಳು 1955ರಲ್ಲಿಯೇ ಸಾಧಾರಣ ಎಕ್ಸ್-ಕಿರಣದಿಂದ ತೋರಿಸಿದ್ದರು. ಹೀಗೆ ಜೋಡಿಕೊಂಡ ಪುಟ್ಟ ಹರಳುಗಳಿಂದ ಎಳೆಗೆ ಬಿಗುವು. ಅವುಗಳ ನಡುವಣ ಅಸ್ತವ್ಯಸ್ತ ಭಾಗದಿಂದ ಹಿಗ್ಗುವ ಗುಣ. ಸಿಂಕ್ರೊಟ್ರಾನಿನ ಕಿರಣವನ್ನಾದರೋ ಒಂದೇ ಎಳೆಗಿಂತ ಸಣ್ಣದಾಗಿ ಕೂಡಿಸಬಹುದು. ಕಿರಣದ ಶಕ್ತಿಯನ್ನು ಅಣು ಅಣುವಾಗಿ ಏರಿಸುತ್ತ ಹೋದರೆ, ಪ್ರೋಟೀನಿನ ಇಂಗಾಲದ ಬಂಧಗಳು ತಮಗೊಪ್ಪುವ ಶಕ್ತಿಯನ್ನು ಮಾತ್ರ ಹೀರಿಕೊಳ್ಳುತ್ತವೆ. ಎಳೆಯನ್ನು ಅಡ್ಡಕ್ಕೆ ತಿರುಗಿಸಿದರೆ ಹೀರುವ ಪ್ರಮಾಣ ಬದಲಾಗುತ್ತದೆ. ಆ ವ್ಯತ್ಯಾಸದಿಂದ ಸರಪಳಿಗಳು ಎತ್ತ ಮುಖಮಾಡಿ ಮಲಗಿವೆಯೆಂಬುದು ತಿಳಿಯುತ್ತದೆ. ಅತಿವಾಹಕಗಳನ್ನೂ ಬ್ಯಾಟರಿಯ ವಸ್ತುಗಳನ್ನೂ ಪರೀಕ್ಷಿಸುವ ವಿದ್ಯೆ ಇದೇ.

ಇದರಿಂದ ರಾಮನಗರಕ್ಕೇನು ಬಂದಿತು ಎಂದು ಕೇಳುವುದು ನ್ಯಾಯವೇ. ನೂಲಿನ ಮೇಲಿನ ಅಂಟನ್ನು, ಅಂದರೆ ತೂಕದಲ್ಲಿ ಸುಮಾರು ಕಾಲುಭಾಗವನ್ನು, ಸೋಪು ಸೋಡಾಗಳಲ್ಲಿ ಕುದಿಸಿ ತೆಗೆಯಬೇಕು. ಕುದಿ ಕಡಿಮೆಯಾದರೆ ಹೊಳಪಿಲ್ಲ. ಮಿತಿಮೀರಿದರೆ ಒಳಗಿನ ಸರಪಳಿಗಳೇ ತುಂಡಾಗುತ್ತವೆ. ಹೊರಗಣ್ಣಿಗೆ ನೂಲು ಚೆನ್ನಾಗಿಯೇ ಕಾಣುತ್ತದೆ. ಹಾನಿ ಗೊತ್ತಾಗುವುದು ಮಗ್ಗದ ಮೇಲೆ. ಗಾಯ ಹೊಲಿಯುವ ದಾರವಾದರೆ, ರೋಗಿಯ ಮೈಮೇಲೆ! ಅಂಥ ಹಾನಿಯನ್ನು ಎಳೆಯ ಒಳಗೇ ಕಾಣಲು ಈ ಬೆಳಕು ನೆರವಾಗುತ್ತದೆ. ಗೂಡಿನ ಬೆಲೆಯನ್ನು ಮಾತ್ರ ಅದು ಕಟ್ಟಲಾರದು. ಬಿಸಿನೀರಿನ ತೊಟ್ಟಿಯಲ್ಲಿ ಕಡಿದುಹೋದ ಎಳೆಯ ತುದಿಯನ್ನು ಹುಡುಕಿ ಕೂಡಿಸುವುದು ಎಷ್ಟೋ ಕಡೆ ಇಂದಿಗೂ ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಬೆರಳುಗಳೇ.