ಲ್ಯಾಪ್‌ಟಾಪ್ ಮುನಿಸಿಕೊಂಡರೆ ಫಾರ್ಮ್ಯಾಟ್ ಒಂದೇ ಮದ್ದಲ್ಲ

ಅರ್ಜಿ ಹಾಕಲು ನಾಳೆಯೇ ಕೊನೆಯ ದಿನ. ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಫೋಟೊ, ಸಹಿ ಎಲ್ಲವೂ ಲ್ಯಾಪ್‌ಟಾಪ್‌ನಲ್ಲಿವೆ. ಪವರ್ ಬಟನ್ ಒತ್ತಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ‘ನೋ ಬೂಟ್ ಡಿವೈಸ್ ಫೌಂಡ್’. ಎದೆ ಧಸಕ್ಕೆನ್ನಲು ಇಷ್ಟು ಸಾಕು.

ನಂಜನಗೂಡು, ಟಿ. ನರಸೀಪುರದ ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಬರುವ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪ್ ಇರುವುದೇ ಒಂದು. ಅಣ್ಣ ಓದಿ ಮುಗಿಸಿದ ಮೇಲೆ ಅದು ತಂಗಿಯ ಕೈಗೆ ಬರುತ್ತದೆ. ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪ್‌ಗಳಿಗೂ ಈಗ ವಯಸ್ಸಾಗುತ್ತಿದೆ. ಹಾಗಾಗಿ ಈ ಸಾಲಿನ ಅರ್ಥ ತಿಳಿದಿರುವುದು ಒಳ್ಳೆಯದು.

ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಏಳುವುದು ವಿಂಡೋಸ್ ಅಲ್ಲ, ಮದರ್‌ಬೋರ್ಡ್ ಚಿಪ್‌ನಲ್ಲಿರುವ ಬಯೋಸ್ ಎಂಬ ಪುಟ್ಟ ತಂತ್ರಾಂಶ. ವಿಂಡೋಸ್ ಇರುವ ಡಿಸ್ಕನ್ನು ಹುಡುಕಿ, ಕೆಲಸವನ್ನು ಅದಕ್ಕೆ ಒಪ್ಪಿಸುವುದು ಅದರ ಹೊಣೆ. ಹುಡುಕಿದ್ದು ಸಿಗದಿದ್ದಾಗ ಈ ಸಂದೇಶ ಬರುತ್ತದೆ. ಪೋಸ್ಟ್‌ಮ್ಯಾನ್‌ಗೆ ಮನೆಯೇ ಕಾಣದಿರುವುದು ಬೇರೆ, ಮನೆ ಕಂಡರೂ ಒಳಗೆ ಯಾರೂ ಇಲ್ಲದಿರುವುದು ಬೇರೆ. ನಿಮ್ಮದು ಇವೆರಡರಲ್ಲಿ ಯಾವುದು ಎಂಬುದನ್ನು ಮೊದಲು ಪತ್ತೆ ಮಾಡಬೇಕು.

ಅದಕ್ಕೂ ಮುನ್ನ ಎರಡು ಸುಲಭದ ಕೆಲಸ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಸಿಕ್ಕಿಸಿದ್ದರೆ ತೆಗೆಯಿರಿ. ಕೆಲವೊಮ್ಮೆ ಬಯೋಸ್ ಅದನ್ನೇ ಬೂಟ್ ಡಿಸ್ಕ್ ಎಂದುಕೊಂಡಿರುತ್ತದೆ. ಬಳಿಕ ಚಾರ್ಜರ್ ಕಿತ್ತು, ಬ್ಯಾಟರಿ ಬಿಚ್ಚುವಂಥದ್ದಾದರೆ ಬಿಚ್ಚಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಮತ್ತೆ ಆನ್ ಮಾಡಿ.

ಸರಿಹೋಗದಿದ್ದರೆ ಆನ್ ಆಗುವಾಗಲೇ ಬಯೋಸ್ ಕೀ ಒತ್ತುತ್ತಿರಿ. ಡೆಲ್, ಏಸರ್, ಆಸುಸ್‌ನಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2. ಅಲ್ಲಿನ ಪಟ್ಟಿಯಲ್ಲಿ ನಿಮ್ಮ ಡಿಸ್ಕ್‌ನ ಹೆಸರು ಇದೆಯೇ ನೋಡಿ.

ಹೆಸರು ಇದ್ದರೆ ಅರ್ಧ ಭಯ ಬಿಡಿ. ಬೂಟ್ ಆರ್ಡರ್‌ನಲ್ಲಿ ಅದು ಮೊದಲಿರಲಿ. ಯುಇಎಫ್‌ಐ ಇದ್ದ ಕಡೆ ಲೆಗಸಿ ಎಂದು ಬದಲಾಗಿದ್ದರೂ ವಿಂಡೋಸ್ ಏಳುವುದಿಲ್ಲ. ದಿನಾಂಕ, ಸಮಯ ತಪ್ಪಾಗಿದ್ದರೆ ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ ಸೋತು, ಸೆಟ್ಟಿಂಗ್ ಅಳಿಸಿಹೋಗಿರುವ ಸಾಧ್ಯತೆ ಹೆಚ್ಚು. ಎಲ್ಲವೂ ಸರಿಯಿದ್ದರೆ ವಿಂಡೋಸ್‌ನ ಬೂಟ್ ಕಡತ ಕೆಟ್ಟಿರಬಹುದು. ವಿಂಡೋಸ್ ಪೆನ್‌ಡ್ರೈವ್‌ನಿಂದ ‘ಸ್ಟಾರ್ಟಪ್ ರಿಪೇರ್’ ಮಾಡಿ ನೋಡಬಹುದು.

ಹೆಸರೇ ಇಲ್ಲದಿದ್ದರೆ ಡಿಸ್ಕ್ ಸಡಿಲವಾಗಿದೆ, ಇಲ್ಲವೇ ಕೆಟ್ಟಿದೆ. ನನ್ನ ಚಿಕ್ಕಪ್ಪನ ಮಗನ ಲ್ಯಾಪ್‌ಟಾಪ್‌ಗೆ ಹೀಗೇ ಆಗಿತ್ತು. ‘ಹಾರ್ಡ್‌ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು’ ಎಂದರು ಒಂದು ಅಂಗಡಿಯಲ್ಲಿ. ಚಿಕ್ಕಪ್ಪ ದುಡ್ಡು ಹೊಂದಿಸಲು ಹೊರಟಿದ್ದರು. ಇನ್ನೊಬ್ಬ ಮೆಕ್ಯಾನಿಕ್ ಹಿಂಬದಿ ಬಿಚ್ಚಿ, ಡಿಸ್ಕ್ ತೆಗೆದು ಒರೆಸಿ ಮತ್ತೆ ಕೂರಿಸಿದರು. ಅಷ್ಟೇ, ಏಳಿತು. ಅವನ ಪ್ರಾಜೆಕ್ಟ್ ವರದಿ ಹಾಗೇ ಇತ್ತು. ಎಲ್ಲರಿಗೂ ಇಷ್ಟು ಸಲೀಸಾಗಿ ಆಗುತ್ತದೆ ಎಂದಲ್ಲ. ಹೊಸದು ಕೊಳ್ಳುವ ಮುನ್ನ ಇದನ್ನು ನೋಡಿ ಎಂದು ಕೇಳುವ ಹಕ್ಕು ನಮಗಿದೆ.

ಡಿಸ್ಕ್‌ನಿಂದ ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಮಾತ್ರ ಕೂಡಲೇ ಆಫ್ ಮಾಡಿ. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ತಿರುಗುವ ತಟ್ಟೆಗಳಿರುತ್ತವೆ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗಿನ ಮಾಹಿತಿ ಹಾಳಾಗುತ್ತದೆ. ಅಂಥದ್ದನ್ನು ಮೈಸೂರಿಗೆ ಕೊಂಡೊಯ್ದು ಡೇಟಾ ತೆಗೆಯುವವರ ಕೈಗೇ ಕೊಡುವುದು ಮೇಲು.

‘ಫಾರ್ಮ್ಯಾಟ್ ಮಾಡಿಬಿಡಲಾ?’ ಎಂದು ಅಂಗಡಿಯವರು ಕೇಳಿದಾಗ ಅವಸರದಲ್ಲಿ ತಲೆಯಾಡಿಸಬೇಡಿ. ‘ಮೊದಲು ನನ್ನ ಫೈಲ್ ತೆಗೆದುಕೊಡಿ’ ಎನ್ನಿ. ಡಿಸ್ಕ್ ಕಾಣುತ್ತಿದ್ದರೆ, ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಎಬ್ಬಿಸಿ ಫೈಲ್‌ಗಳನ್ನು ಬೇರೆಡೆಗೆ ನಕಲು ಮಾಡಬಹುದು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಬೀಗ ಬಿದ್ದಿರಬಹುದು. ಅದಕ್ಕೆ 48 ಅಂಕಿಯ ರಿಕವರಿ ಕೀ ಬೇಕು. ಮೊಬೈಲ್‌ನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆ ತೆರೆದು ನೋಡಿ, ಸಾಮಾನ್ಯವಾಗಿ ಅಲ್ಲಿರುತ್ತದೆ. ಡಿಸ್ಕ್ ಬದಲಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ಅದರಲ್ಲಿ ನಿಮ್ಮ ಆಧಾರ್, ಬ್ಯಾಂಕ್ ವಿವರ ಇರಬಹುದು.

ಇನ್ನು ಮುನ್ನೆಚ್ಚರಿಕೆ. ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಿಯೇ ಬ್ಯಾಗಿಗೆ ಹಾಕಿ. ಬಸ್ಸಿನ ಕುಲುಕಾಟ ತಿರುಗುವ ತಟ್ಟೆಗೆ ಆಗಿಬರುವುದಿಲ್ಲ. ಡಿಸ್ಕ್ ಬದಲಿಸುವ ಸಂದರ್ಭ ಬಂದರೆ ಎಸ್‌ಎಸ್‌ಡಿ ಕೇಳಿ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ಅಂಕಪಟ್ಟಿಗಳು ಸಿಗುವುದಾದರೆ ಡಿಜಿಲಾಕರ್‌ಗೆ ತಂದಿಟ್ಟುಕೊಳ್ಳಿ. ಪ್ರಾಜೆಕ್ಟ್ ವರದಿಯನ್ನು ವಾರಕ್ಕೊಮ್ಮೆ ನಿಮಗೆ ನೀವೇ ಮೇಲ್ ಮಾಡಿಕೊಂಡರೂ ಸಾಕು.

ಲ್ಯಾಪ್‌ಟಾಪ್ ಇಂದಲ್ಲ ನಾಳೆ ಕೆಡುವ ವಸ್ತು. ಇನ್ನೊಂದನ್ನು ಸಾಲ ಮಾಡಿಯಾದರೂ ತರಬಹುದು. ಮೂರು ವರ್ಷ ಓದಿ ಬರೆದದ್ದನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು. ಇವತ್ತೇ ಒಂದು ಪೆನ್‌ಡ್ರೈವ್ ಹುಡುಕಿ, ನಕಲು ಮಾಡಿಡಿ.