ಕಾಣದ ನೋವಿಗೂ ಮಾತು ಬೇಕು

ಊರಿನ ಮನೆಗೆ ಬೀಗ ಹಾಕಿ, ಮಗನ ಜೊತೆ ಮುಂಬಯಿಯಲ್ಲಿ ನೆಲೆಸಿದ ತಾಯಂದಿರು ನಮ್ಮಲ್ಲಿ ಬಹಳಷ್ಟು ಮಂದಿ ಇದ್ದಾರೆ. ರಾತ್ರಿ ಮಲಗುವಾಗ ‘ಪಾದ ಉರಿಯುತ್ತದೆ ಮಗಾ, ಇರುವೆ ಹರಿದ ಹಾಗೆ ಆಗುತ್ತದೆ’ ಎನ್ನುತ್ತಾರೆ. ಮರುದಿನ ದವಾಖಾನೆಯಲ್ಲಿ ಮಗ ‘ಪಾಂವ್ ಮೇ ದರ್ದ್ ಹೈ’ ಎಂದು ಮುಗಿಸುತ್ತಾನೆ. ನೋವಿನ ಮಾತ್ರೆ ಸಿಗುತ್ತದೆ, ಉರಿ ಹೋಗುವುದಿಲ್ಲ. ಮತ್ತೆ ಹೇಳಿದರೆ ‘ವಯಸ್ಸಾಯಿತಲ್ಲ ಅಮ್ಮಾ’ ಎಂಬ ಉತ್ತರ. ಆಮೇಲೆ ತಾಯಿ ಹೇಳುವುದನ್ನೇ ಬಿಡುತ್ತಾರೆ.

ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿಯುವ ಅಥವಾ ಮರುಕಳಿಸುವ ನೋವನ್ನು ವೈದ್ಯಶಾಸ್ತ್ರ ದೀರ್ಘಕಾಲದ ನೋವು ಎನ್ನುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿದೆ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಹೇಳುವವರ ಮಾತನ್ನು ಗೌರವಿಸಬೇಕೆಂದು ಸ್ಪಷ್ಟಪಡಿಸಿತು. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ನೋವು ಸುಳ್ಳೆಂದು ಅರ್ಥವಲ್ಲ.

ಕೆನಡಾದ ಮನಶ್ಶಾಸ್ತ್ರಜ್ಞ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ರೋಗಿಗಳು ನೋವನ್ನು ಬಣ್ಣಿಸುವ 78 ಪದಗಳನ್ನು 20 ಗುಂಪುಗಳಾಗಿ ಜೋಡಿಸಿ ಪ್ರಶ್ನಾವಳಿ ಸಿದ್ಧಪಡಿಸಿದರು. ಕನ್ನಡದಲ್ಲಿ ಇಂಥ ಪದಗಳಿಗೆ ಬರವಿಲ್ಲ. ಸೆಳೆತ, ಉರಿ, ಚಳುಕು, ಸಿಡಿತ, ಜೋಮು, ಚುಚ್ಚುವುದು, ಹಿಂಡುವುದು, ಎಲ್ಲವೂ ಅಜ್ಜಿಯಂದಿರ ಬಾಯಲ್ಲಿವೆ. ಉರಿ, ಜೋಮು, ಕರೆಂಟ್ ಹೊಡೆದಂಥ ಅನುಭವ ನರಕ್ಕೆ ಸಂಬಂಧಿಸಿದ್ದಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಇದು ಸಾಮಾನ್ಯ. ಇದಕ್ಕೆ ಮಾಮೂಲಿ ನೋವಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ, ಬೇರೆ ಔಷಧವಿದೆ. ಬೆಳಿಗ್ಗೆ ಎದ್ದಾಗ ಕೈಬೆರಳುಗಳು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದುಕೊಂಡಿದ್ದರೆ ಅದು ಉರಿಯೂತದ ಸಂಧಿವಾತದ ಸೂಚನೆಯಿರಬಹುದು. ನಡೆದರೆ ಹೆಚ್ಚಿ, ಕುಳಿತರೆ ತಗ್ಗುವ ಮಂಡಿನೋವು ಹೆಚ್ಚಾಗಿ ಸವೆತದ್ದು. ಎಲ್ಲವನ್ನೂ ‘ದರ್ದ್’ ಎಂದರೆ ವೈದ್ಯರಿಗೆ ಈ ವ್ಯತ್ಯಾಸ ತಿಳಿಯುವುದು ಕಷ್ಟ.

ಆದ್ದರಿಂದ ಮನೆಯವರು ಒಂದು ಸಣ್ಣ ಪುಸ್ತಕವಿಟ್ಟು ನೋವು ಎಲ್ಲಿ, ಯಾವಾಗ, ಹೇಗೆ, ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಅವರ ಮಾತಿನಲ್ಲೇ ಬರೆದಿಡಬೇಕು. ‘ಚಪಾತಿ ಹಿಟ್ಟು ನಾದಲು ಆಗುವುದಿಲ್ಲ’, ‘ರೈಲ್ವೆ ಸೇತುವೆ ಹತ್ತಲು ಆಗುವುದಿಲ್ಲ’ ಎಂಬುದನ್ನೂ ಬರೆಯಬೇಕು. ವೈದ್ಯರನ್ನು ಕೇಳದೆ ಮೆಡಿಕಲ್ ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡಗಳಿಗೆ ಅಪಾಯ.

ನೋವಿರುವವರೂ ಸಂಕೋಚ ಬಿಡಬೇಕು. ‘ಮೈ ಸರಿಯಿಲ್ಲ’ ಎನ್ನುವುದಕ್ಕಿಂತ ‘ಅರ್ಧ ಗಂಟೆಗಿಂತ ಹೆಚ್ಚು ಕೂರಲಾರೆ, ನಡುವೆ ಎದ್ದು ನಿಲ್ಲುತ್ತೇನೆ’ ಎಂದರೆ ಇತರರಿಗೆ ಅರ್ಥವಾಗುತ್ತದೆ. ಸಂಘದ ಕಾರ್ಯಕ್ರಮದಲ್ಲಿ ಹಿಂದೆ ನಿಂತವರನ್ನು ಕಂಡು ‘ಬಂದು ಕೂರಲು ಬಿಗುಮಾನ’ ಎಂದು ಆಡಿಕೊಳ್ಳುವ ಮೊದಲು ಒಂದು ಕ್ಷಣ ಯೋಚಿಸುವುದೊಳಿತು. ನಿನ್ನೆ ನಕ್ಕು ಮಾತಾಡಿದವರು ಇಂದು ಹಾಸಿಗೆ ಹಿಡಿಯಬಹುದು. ಅದು ನಾಟಕವಲ್ಲ.

ನಮ್ಮ ಸಂಘ-ಸಂಸ್ಥೆಗಳು ನಡೆಸುವ ವೈದ್ಯಕೀಯ ತಪಾಸಣಾ ಶಿಬಿರಗಳಲ್ಲಿ ಕನ್ನಡವೂ ಮರಾಠಿ-ಹಿಂದಿಯೂ ಬಲ್ಲ ಒಬ್ಬ ಕಾರ್ಯಕರ್ತ ವೈದ್ಯರ ಪಕ್ಕದಲ್ಲಿ ಕುಳಿತರೆ ಸಾಕು, ಹಿರಿಯರ ‘ಉರಿ’ ಉರಿಯಾಗಿಯೇ ವೈದ್ಯರನ್ನು ತಲುಪುತ್ತದೆ. ಇದಕ್ಕೆ ಖರ್ಚಿಲ್ಲ. ಮುಂದಿನ ಶಿಬಿರದಿಂದಲೇ ಆರಂಭಿಸಬಹುದು.