ಜಾಯಿನಿಂಗ್ ಬೋನಸ್ ಬಂತು, ಹಿಂದೆಯೇ ತೆರಿಗೆ ಬಾಕಿಯೂ ಬಂತು!

ಎರಡು ಕಂಪನಿಯ ಎರಡು ಫಾರ್ಮ್ 16. ಎರಡರಲ್ಲೂ ಟಿಡಿಎಸ್ ಸೊನ್ನೆ. ರಿಟರ್ನ್ ತುಂಬೋಕೆ ಕೂತರೆ ತೆರಿಗೆಯೇ 89,700 ರೂಪಾಯಿ, ಬಡ್ಡಿ ಬೇರೆ! ಗಾಬರಿ ಸಹಜ. ಬೋನಸ್‌ಗೆ ಅಂತ ಪ್ರತ್ಯೇಕ ತೆರಿಗೆ ದರ ಇಲ್ಲವಲ್ಲ, ಮತ್ತೆ ಹೇಗೆ?

2025-26ರ ಲೆಕ್ಕ ನೋಡಿ, ಹೊಸ ಪದ್ಧತಿಯದು. ಸೆಪ್ಟೆಂಬರ್‌ವರೆಗೆ ಹಳೇ ಕಂಪನಿಯಲ್ಲಿ 6 ಲಕ್ಷ. ಆಮೇಲೆ ಹೊಸ ಕಂಪನಿಯಲ್ಲಿ 7 ಲಕ್ಷ ಸಂಬಳ, ಒಂದೂವರೆ ಲಕ್ಷ ಜಾಯಿನಿಂಗ್ ಬೋನಸ್. ಅವರು ಕೊಟ್ಟಿದ್ದು ಇವರಿಗೆ ಗೊತ್ತಿಲ್ಲ. ಇಬ್ಬರ ಲೆಕ್ಕದಲ್ಲೂ ನಿಮ್ಮ ಆದಾಯ 12 ಲಕ್ಷದ ಒಳಗೇ ಇತ್ತು, ಹಾಗಾಗಿ ತೆರಿಗೆ ಹಿಡಿಯಲೇ ಇಲ್ಲ. ಕೂಡಿದರೆ ಹದಿನಾಲ್ಕೂವರೆ ಲಕ್ಷ! ಸ್ಟ್ಯಾಂಡರ್ಡ್ ಡಿಡಕ್ಷನ್ 75 ಸಾವಿರ ಕಳೆದರೂ 13 ಲಕ್ಷದ 75 ಸಾವಿರ. 12 ಲಕ್ಷದವರೆಗೆ ತೆರಿಗೆ ಸೊನ್ನೆ ಮಾಡುವ ರಿಬೇಟ್ ಕೈತಪ್ಪಿತು. 4 ಲಕ್ಷದ ಮೇಲಿನ ಒಂದೊಂದು ಸ್ಲ್ಯಾಬ್‌ಗೂ ತೆರಿಗೆ ಬಿತ್ತು.

ಈಗೇನು ಮಾಡೋದು? ಮೊದಲು 26ಎಎಸ್ ತೆಗೆದು ಟಿಡಿಎಸ್ ತಾಳೆ ನೋಡಿ. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ 'ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ 300' ಆರಿಸಿ. ಇಲ್ಲೊಂದು ಕಡೆ ನಿಧಾನಿಸಿ: 2025-26ರ ಆದಾಯಕ್ಕೆ ಅಸೆಸ್‌ಮೆಂಟ್ ಇಯರ್ 2026-27. ವರ್ಷ ತಪ್ಪಿದರೆ ಕಟ್ಟಿದ ದುಡ್ಡು ಈ ಬಾಕಿಗೆ ಜಮಾ ಆಗೋದಿಲ್ಲ. ಕಟ್ಟಿದ ಚಲನ್ ವಿವರ ರಿಟರ್ನ್‌ನಲ್ಲಿ ಹಾಕಿ.

ತಡ ಮಾಡಬೇಡಿ. ಏಪ್ರಿಲ್‌ನಿಂದಲೇ ತಿಂಗಳಿಗೆ ಶೇಕಡ 1ರಂತೆ ಬಡ್ಡಿ ಓಡ್ತಾ ಇದೆ.

ಈ ವರ್ಷವೂ ಕೆಲಸ ಬದಲಿಸಿದ್ದೀರಾ? ಹಳೇ ಕಂಪನಿಯ ಸಂಬಳ, ಟಿಡಿಎಸ್ ವಿವರ ಇವತ್ತೇ ಹೊಸ ಎಚ್‌ಆರ್‌ಗೆ ಕೊಡಿ. ಮಾರ್ಚ್‌ವರೆಗಿನ ಸಂಬಳದಲ್ಲಿ ಅವರೇ ಸ್ವಲ್ಪಸ್ವಲ್ಪವಾಗಿ ಹಿಡಿದುಕೊಳ್ತಾರೆ.